ಅಕ್ಕಿ ಡಬ್ಬಿಯೊಳಗೆ ನನ್ನ ಏಕಾಗ್ರತೆ

ಗುಳಿಗೆ ಬದಲಿಸುವುದು ಏನು ಮಹಾ ಕೆಲಸ? ಹಳೆಯದನ್ನು ಬಿಡುವುದು, ಹೊಸದನ್ನು ನುಂಗುವುದು. ನಲವತ್ತೊಂಬತ್ತು ವರ್ಷ ಬದುಕಿದವನಿಗೆ ಇಷ್ಟೂ ಆಗದೇ?

ಆಗಲಿಲ್ಲ!

ನನಗೆ ಗಮನ ನಿಲ್ಲದ ಕಾಯಿಲೆ ಇದೆಯೆಂದು ಹುಬ್ಬಳ್ಳಿಯ ಡಾಕ್ಟರು ಹೋದ ವರ್ಷ ಪತ್ತೆ ಹಚ್ಚಿದರು. ಹೆಂಡತಿ ಗಂಗವ್ವ ಇದನ್ನು ಮದುವೆಯಾದ ವಾರದಲ್ಲೇ ಫೀಸಿಲ್ಲದೆ ಪತ್ತೆ ಹಚ್ಚಿದ್ದಳು. ಡಾಕ್ಟರ ಗುಳಿಗೆ ಒಳ್ಳೆಯದೇ. ಆದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಮಧ್ಯಾಹ್ನದ್ದನ್ನು ನೆನಪಿಡಲು ಮಧ್ಯಾಹ್ನದ ಗುಳಿಗೆಯೇ ಬೇಕಾಗುತ್ತಿತ್ತು! ಹೀಗಾಗಿ ಅಕ್ಕಿಆಲೂರಿನ ರೈಸ್ ಮಿಲ್ಲಿನಲ್ಲಿ ನನ್ನ ಉಸ್ತುವಾರಿಯಲ್ಲಿ, ಊಟದ ನಂತರ ಒಬ್ಬರ ಅಕ್ಕಿ ಇನ್ನೊಬ್ಬರ ಟ್ರ್ಯಾಕ್ಟರ್ ಏರತೊಡಗಿತು. ಮೂರನೇ ಸಲ ಸಾವಕಾರರು ಕರೆದರು.

"ಒಂದ ವಾರ ನೋಡ್ತೇನಿ. ಇನ್ನೊಂದ ಚೀಲ ಅದಲು ಬದಲಾತಂದ್ರ ಕೆಲಸಕ್ಕ ಬರಬ್ಯಾಡ."

ಓಡಿದೆ ಹುಬ್ಬಳ್ಳಿಗೆ. ಡಾಕ್ಟರು ಔಷಧ ಬದಲಿಸಿದರು. ಸೋಮವಾರದಿಂದ ದಿನಕ್ಕೊಂದೇ ಕ್ಯಾಪ್ಸೂಲ್, ನಾಷ್ಟಾ ಆದ ಮೇಲೆ. ಸಂಜೆತನಕ ಅದರದೇ ಕಾರುಬಾರು.

"ಎರಡೂ ಕೂಡಿಸಿ ತಗೋಬ್ಯಾಡ್ರಿ. ಹೆಂಗ ಅನ್ನಿಸ್ತು ಅಂತ ದಿನಾ ನೋಟ್‌ಬುಕ್ಕಿನಾಗ ಬರದ ತರ್ರಿ."

ಈ ಸಲ ತಪ್ಪಲೇಬಾರದು! ಹೊಸ ಗುಳಿಗೆಯ ಸುದ್ದಿಯನ್ನು ಸಾವಕಾರರಿಗೂ ಮುಟ್ಟಿಸಿದೆ. ಹಳೆಯ ಗುಳಿಗೆಗಳನ್ನು ಟ್ರಂಕಿನಲ್ಲಿಟ್ಟು ಕೀಲಿಯನ್ನು ಗಂಗವ್ವನಿಗೇ ಕೊಟ್ಟೆ. ಹೊಸದರ ಪೊಟ್ಟಣದ ಮೇಲೆ "ತೇವವಿಲ್ಲದ ಕಡೆ ಇಡಿ" ಎಂದಿತ್ತು. ಹೊರಗೆ ಜಿಟಿಜಿಟಿ ಮಳೆ. ನಮ್ಮ ಮನೆಯಲ್ಲಿ ಅಕ್ಕಿ ಡಬ್ಬಿಗಿಂತ ಒಣ ಜಾಗ ಯಾವುದು? ಕ್ಯಾಪ್ಸೂಲುಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಅಕ್ಕಿಯ ಆಳಕ್ಕೆ ಹುಗಿದೆ. ಜಾಗ ಮರೆಯದಿರಲೆಂದು ಚೀಟಿ ಬರೆದು ಅಂಗಿಯ ಕಿಸೆಯಲ್ಲಿಟ್ಟೆ. ಅಂಗಿಯನ್ನು ಒಗೆಯಲು ಹಾಕಿದೆ!

ಸೋಮವಾರ ಬೆಳಿಗ್ಗೆ ಮಳೆ ನಿಂತು ಬಿಸಿಲು ಬಿದ್ದಿತ್ತು. ಕ್ಯಾಪ್ಸೂಲು ಹುಡುಕುತ್ತ ನಾನು ಹಾಸಿಗೆ ಕೊಡವುತ್ತಿರುವಾಗ ಅಂಗಳದಿಂದ ಗಂಗವ್ವನ ಚೀರಾಟ ಕೇಳಿತು.

"ಮನಿ ಮಂದೀನೆಲ್ಲಾ ಕೊಲ್ಲಾಕ ನಿಂತೀರೇನು? ತಿನ್ನೋ ಅಕ್ಕಿಯಾಗ ಹುಳದ ಗುಳಿಗಿ ಇಟ್ಟೀರಲ್ಲ!"

ಮಿಲ್ಲಿನ ಗೋದಾಮಿನಲ್ಲಿ ಹುಳ ಹಿಡಿಯದಿರಲೆಂದು ವಿಷದ ಗುಳಿಗೆಗಳನ್ನು ಹೀಗೆಯೇ ಬಟ್ಟೆಯಲ್ಲಿ ಕಟ್ಟಿ ಇಡುತ್ತೇವೆ. ರೂಢಿಯ ಕೈ ಅದೇ ಗಂಟು ಹಾಕಿತ್ತು! ಗಂಗವ್ವ ಡಬ್ಬಿಯಲ್ಲಿದ್ದ ಎಂಟು ಕಿಲೋ ಅಕ್ಕಿಯನ್ನೂ ಅಂಗಳಕ್ಕೆ ಸುರಿದಿದ್ದಳು.

"ಅದು ಹುಳಕ್ಕಲ್ಲ, ನನಗ!" ಎಂದು ಕೂಗಿದೆ.

ಪಕ್ಕದ ಮನೆ ನೀಲವ್ವ ಗೋಡೆಯ ಮೇಲಿಂದ ಇಣುಕಿದಳು. "ನಿಮಗೂ ಹುಳಾ ಹಿಡದಾವೇನ್ರಿ ಅಣ್ಣಾರ?"

ಗಂಟು ಬಿಚ್ಚಿ ತೋರಿಸಿದ ಮೇಲೆ ಗಂಗವ್ವ ತಣ್ಣಗಾದಳು. "ನುಂಗಿ, ಲಗೂನ ಮಿಲ್ಲಿಗೆ ನಡೀರಿ" ಎಂದು ಹೇಳಿ ತನ್ನ ಅಂಗನವಾಡಿಗೆ ಹೋದಳು. ರೊಟ್ಟಿ ತಿಂದು ಕ್ಯಾಪ್ಸೂಲ್ ನುಂಗಿದೆ. ಸ್ವಲ್ಪ ಹೊತ್ತಿಗೆ ತಲೆಯೊಳಗಿನ ಸಂತೆ ನಿಂತಿತು. ಆಹಾ! ಹೊರಡುವ ಮುನ್ನ, ಮಣ್ಣಾದ ಅಕ್ಕಿಯನ್ನು ಐದು ನಿಮಿಷ ಆರಿಸೋಣವೆಂದು ಮೊರ ಹಿಡಿದು ಪಡಸಾಲೆಯಲ್ಲಿ ಕುಳಿತೆ.

ಜೀವಮಾನದಲ್ಲಿ ಅಂಥ ಏಕಾಗ್ರತೆ ಕಂಡಿರಲಿಲ್ಲ! ಇಡಿ ಕಾಳು ಬೇರೆ, ನುಚ್ಚು ಬೇರೆ, ಕಲ್ಲುಗಳನ್ನು ಗಾತ್ರದ ಪ್ರಕಾರ ಸಾಲಾಗಿ ಬೇರೆ.

"ಇನ್ನೂ ಇಲ್ಲೇ ಕುಂತೀರಿ?"

ತಲೆ ಎತ್ತಿದೆ. ಗಂಗವ್ವ ಅಂಗನವಾಡಿ ಮುಗಿಸಿ ಬಂದಿದ್ದಳು. ಸಂಜೆ ನಾಲ್ಕೂವರೆ! ಅಷ್ಟರಲ್ಲಿ ಸಾವಕಾರರ ಫೋನು.

"ಹಾನಗಲ್ಲಿಗೆ ಹೋಗಿದ್ದೆ, ಈಗ ಬಂದೆ ನೋಡಪಾ. ಇವತ್ತ ಒಂದೂ ಚೀಲ ಅದಲು ಬದಲಾಗಿಲ್ಲ! ಹೊಸಾ ಗುಳಿಗಿ ಭಾರಿ ಅದ ಬಿಡು!"

ಸುಮ್ಮನಿರಬಹುದಿತ್ತು. ನಾಲಿಗೆ ಬಿಡಲಿಲ್ಲ. "ಸಾವಕಾರ್ರ, ನಾ ಇವತ್ತ ಬಂದ ಇಲ್ರಿ."

ಸಾವಕಾರರು, "ನಾಳಿಂದ ಏಳ ದಿನ ಎಣಸ್ತೇನಿ" ಎಂದು ಫೋನ್ ಇಟ್ಟರು.

ಸೋಲಬಾರದು! ನಾಳೆ ನಾಷ್ಟಾ ಬುತ್ತಿ ಕಟ್ಟಿಕೊಂಡು ಮಿಲ್ಲಿನಲ್ಲೇ ತಿನ್ನುವುದು, ಕ್ಯಾಪ್ಸೂಲನ್ನು ಚೀಲಗಳ ಎದುರು ನಿಂತೇ ನುಂಗುವುದು ಎಂದು ಪಣ ತೊಟ್ಟೆ. ನೋಟ್‌ಬುಕ್ಕಿನಲ್ಲಿ ಗಂಭೀರವಾಗಿ ದಾಖಲಿಸಿದೆ: "ಮೊದಲ ದಿನ. ಏಕಾಗ್ರತೆ ಅದ್ಭುತ. ಎಂಟು ಕಿಲೋ ಅಕ್ಕಿಯಲ್ಲಿ ಒಂದು ಕಲ್ಲೂ ಉಳಿದಿಲ್ಲ. ಕೆಲಸಕ್ಕೆ ಹೋಗಿಲ್ಲ."

ಗಂಗವ್ವ ಓದಿದಳು. ಪೆನ್ನು ಕಸಿದುಕೊಂಡು, ಅಂಗನವಾಡಿಯ ದುಂಡನೆ ಅಕ್ಷರದಲ್ಲಿ ಡಾಕ್ಟರರಿಗಾಗಿ ಕೆಳಗೊಂದು ಸಾಲು ಸೇರಿಸಿದಳು:

"ಔಷಧದಲ್ಲಿ ಯಾವ ದೋಷವೂ ಇಲ್ಲ."