ಸರಿಯಾಗಿ ತಿರುಗಿದ ಅಪರಾಧ

ಶ್ರೀಮಾನ್ ರೆಕಾರ್ಡ್ ಪ್ಲೇಯರ್ ಅವರ ಸನ್ನಿಧಾನಕ್ಕೆ,
ಮುಂಗೋಣೆ, ಕಿಟಕಿ ಪಕ್ಕದ ಮೇಜು.

ಮಾನ್ಯರೇ,

ತಮ್ಮ ತೇಗದ ಪೆಟ್ಟಿಗೆಗೆ ನಮಸ್ಕಾರ. ಬೂದು ಬಣ್ಣದ ಮುಚ್ಚಳಕ್ಕೆ ಪ್ರತ್ಯೇಕ ನಮಸ್ಕಾರ. ಬಹುಕಾಲದ ಮೇಲೆ ಎಣ್ಣೆ ಕಂಡು ಮಿರಿಮಿರಿ ಹೊಳೆಯುತ್ತಿರುವ ತಮ್ಮ ನಡುಗೂಟಕ್ಕೂ, ಹೊಸ ಮುಳ್ಳು ಧರಿಸಿ ಬೀಗುತ್ತಿರುವ ತಮ್ಮ ಬಲಗೈಗೂ ತಲೆಬಾಗಿದ ವಂದನೆಗಳು. ನಾನು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೂತು ನಿವೃತ್ತನಾದವನು. ಊರಿನ ಸಮಸ್ತರೂ ನನ್ನನ್ನು 'ಮಾನ್ಯರೇ' ಎಂದು ಕರೆದು, ಮುಂದಿನ ಸಾಲಿನಿಂದಲೇ ಜಾಡಿಸುತ್ತಿದ್ದರಾದ್ದರಿಂದ ಆ ಪದದ ತೂಕ ನನಗೆ ಚೆನ್ನಾಗಿ ಗೊತ್ತು. ಅಂಥ ಸಾವಿರಾರು ಪತ್ರಗಳಿಗೆ 'ತಮ್ಮ ದೂರು ಪರಿಶೀಲನೆಯಲ್ಲಿದೆ' ಎಂದು ಉತ್ತರಿಸಿದ ಈ ಕೈ ಇಂದು ಮೊದಲ ಬಾರಿಗೆ ತಾನೇ ಒಂದು ದೂರು ಬರೆಯಲು ಹೊರಟಿದೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಲೋಕದ ಜನ ಯಂತ್ರ ಕೆಟ್ಟಿತೆಂದು ದೂರುತ್ತಾರೆ. ತಾವು ಕೆಟ್ಟಿಲ್ಲ. ರಿಪೇರಿಯಾದಂದಿನಿಂದ ತಾವು ಎಷ್ಟು ಸರಿಯಾಗಿ ತಿರುಗುತ್ತಿದ್ದೀರೆಂದರೆ, ತಮ್ಮಂಥ ಸರಿಯಾದ ಪ್ರಾಣಿ ಈ ಬೀದಿಯಲ್ಲೇ ಇನ್ನೊಂದಿಲ್ಲ. ನನ್ನ ದೂರು ಅದೇ. ತಾವು ಸರಿಯಾದಿರಿ, ನಮ್ಮಕ್ಕ ಹಾಡುವುದನ್ನು ನಿಲ್ಲಿಸಿದಳು.

ತಮಗೆ ನೆನಪಿರಲಿಕ್ಕಿಲ್ಲ, ಏಕೆಂದರೆ ತಾವು ಬಂದಾಗ ಹುಲ್ಲು ತುಂಬಿದ ಪೆಟ್ಟಿಗೆಯೊಳಗೆ ತಲೆಕೆಳಗಾಗಿ ಮಲಗಿದ್ದಿರಿ. ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಚಿಕ್ಕಪ್ಪ ದೂರದ ಯಾವುದೋ ಬಂದರಿನಿಂದ ತಮ್ಮನ್ನು ತಂದು, ಜೊತೆಗೆ ಕರೆಂಟಿನ ಬಲ ತಗ್ಗಿಸುವ ಒಂದು ಭಾರದ ಕಬ್ಬಿಣದ ಡಬ್ಬವನ್ನೂ ಇಟ್ಟು, 'ಇದರ ಮೂಲಕ ಹಾಕಿ, ಇಲ್ಲಾಂದ್ರೆ ಸುಟ್ಟುಹೋಗುತ್ತೆ' ಎಂದು ಹೇಳಿ ಮುಂದಿನ ಹಡಗು ಹತ್ತಿ ಹೋದ. ಹೋಗುವ ಮುನ್ನ ಇಲ್ಲಿನ ಒಂದು ಗುಜರಿ ಅಂಗಡಿಯಲ್ಲಿ ಸಿಕ್ಕ ಹಳೆ ರೆಕಾರ್ಡುಗಳ ಕಂತೆಯನ್ನೂ ಅವನೇ ಕೊಂಡುಕೊಟ್ಟಿದ್ದ. ಎಲ್ಲವೂ ಒಬ್ಬಳೇ ಗಾಯಕಿಯವು, ಚಿತ್ರವಿಲ್ಲದ ಕಂದು ಕಾಗದದ ಚೀಲಗಳಲ್ಲಿದ್ದವು. ಹೆಣ್ಣುಮಕ್ಕಳನ್ನು ಪಾಠಕ್ಕೆಂದು ಹೊರಗೆ ಕಳಿಸುವುದು ನಮ್ಮಪ್ಪನ ಜಾಯಮಾನದಲ್ಲೇ ಇರಲಿಲ್ಲವಾಗಿ, ಅಕ್ಕನಿಗೆ ತಾವೇ ಗುರುಗಳಾದಿರಿ. ತಮ್ಮ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ತಮ್ಮಿಂದ ಹೊರಡುತ್ತಿದ್ದ ಆ ತುಂಬು ಗಂಭೀರ ದನಿಯನ್ನು ಹಿಡಿಯಲು ಅವಳು ತನ್ನ ಹದಿಹರೆಯದ ಕೀಚಲು ಗಂಟಲನ್ನು ದಿನದಿನಕ್ಕೂ ಕೆಳಗಿಳಿಸಿದಳು. ಆ ಗಾಯಕಿ ಕಡಿಮೆಯೆಂದರೂ ಅರವತ್ತು ದಾಟಿದ, ದೊಡ್ಡ ಕುರ್ಚಿಯ ತುಂಬ ಕೂರುವ ಹೆಂಗಸಿರಬೇಕೆಂದು ನಾವೆಲ್ಲ ಲೆಕ್ಕ ಹಾಕಿಬಿಟ್ಟಿದ್ದೆವು.

ಅನುಮಾನ ಬರಲಿಲ್ಲವೇ ಎಂದು ತಾವು ಕೇಳಬಹುದು. ಬಂದಿತ್ತು, ಆದರೆ ತಮ್ಮ ಮೇಲಲ್ಲ, ಮಿಕ್ಕ ಪ್ರಪಂಚದ ಮೇಲೆ. ಅದೇ ಹಾಡು ರೇಡಿಯೋದಲ್ಲಿ ಚುರುಕಾಗಿ ಬಂದಾಗ ಅಕ್ಕ, 'ರೇಡಿಯೋದವರಿಗೆ ಯಾವಾಗ್ಲೂ ವಾರ್ತೆಗೆ ಹೊತ್ತಾಗಿರುತ್ತೆ, ಓಡಿಸ್ಬಿಡ್ತಾರೆ' ಎಂದು ಅದರ ಕಿವಿ ತಿರುಚಿ ಆರಿಸುತ್ತಿದ್ದಳು. ನಮ್ಮ ಹಾರ್ಮೋನಿಯಂ ತಮ್ಮ ಶ್ರುತಿಗೆ ಕೂದಲೆಳೆಯಷ್ಟು ಕೂಡದೆ ಹೋದಾಗ, ರಿಪೇರಿಯವನನ್ನು ಕರೆಸಿ, ಅವನು 'ಅಮ್ಮಾ, ಪೆಟ್ಟಿಗೆ ಸರಿಯಾಗೇ ಇದೆಯಮ್ಮಾ' ಎಂದು ಗೋಗರೆದರೂ ಬಿಡದೆ, 'ಹಾಗಾದ್ರೆ ರೆಕಾರ್ಡು ಸುಳ್ಳು ಹೇಳುತ್ತಾ?' ಎಂದು ಗದರಿ, ಒಂದೊಂದೇ ಹಿತ್ತಾಳೆ ನಾಲಿಗೆಯನ್ನೂ ಅರದಲ್ಲಿ ಉಜ್ಜಿಸಿ ಇಡೀ ವಾದ್ಯವನ್ನು ತಮಗೆ ಶರಣಾಗತವಾಗುವಂತೆ ಮಾಡಿಸಿದಳು. ಸರಿಯಾಗಿದ್ದ ಒಂದೇ ವಸ್ತುವನ್ನೂ ಕೈಯಾರೆ ಕೆಡಿಸಿ ಸಮಾಧಾನಪಟ್ಟುಕೊಂಡ ಮನೆ ನಮ್ಮದು. ತಮ್ಮ ಮಹಿಮೆಗೆ ಇನ್ನೇನು ಸಾಕ್ಷಿ ಬೇಕು?

ಹೀಗೆ ನಮ್ಮ ಸಂಸಾರವೆಲ್ಲ ತಮ್ಮ ನಡಿಗೆಗೆ ಹೊಂದಿಕೊಂಡು ನೆಮ್ಮದಿಯಾಗಿತ್ತು. ತಮ್ಮ ಒಂದು ಬದಿ ಮುಗಿಯುವ ಹೊತ್ತಿಗೆ ಒಲೆಯ ಮೇಲಿನ ಆಲೂಗಡ್ಡೆ ಹದವಾಗಿ ಬೆಂದಿರುತ್ತದೆಂದು ನನ್ನ ಹೆಂಡತಿ ಗಡಿಯಾರವನ್ನೇ ನೋಡುತ್ತಿರಲಿಲ್ಲ. ಅಕ್ಕ ಮುಂಗೋಣೆಯಲ್ಲಿ ಪಾಠ ಶುರುಮಾಡಿದಳು. ಕೋಗಿಲೆಯಾಗಬೇಕೆಂದು ಬಂದ ಹುಡುಗಿಯರು ಈ ಆಮೆಯೋಟ ತಾಳಲಾರದೆ ವಾರದಲ್ಲೇ ಕಾಲು ಕಿತ್ತರು. ಬೇರೆಲ್ಲೂ ಯಾರೂ ಸೇರಿಸಿಕೊಳ್ಳದವರು ಉಳಿದರು. ದಿನವಿಡೀ ಹೊಲಿಗೆ ಮಿಷನ್ನು ತುಳಿದು ಸಂಜೆಗೆ ದಮ್ಮು ಕಟ್ಟುವ ಪಕ್ಕದ ಮನೆಯ ದರ್ಜಿಯಮ್ಮ, ಮಾತಾಡಿದರೆ ಕಿಟಕಿ ಗಾಜು ಅದುರುವ ಕಂಠದ ಅಂಚೆಯಣ್ಣ, ಮಾತಿನಲ್ಲಿ ಉಗ್ಗಿದರೂ ನಿಧಾನವಾಗಿ ಹಾಡಿದರೆ ಉಗ್ಗದ ಬ್ಯಾಂಕಿನ ಗುಮಾಸ್ತೆ. ಇವರಿಗೆಲ್ಲ ಆ ಕೆಳಗಿನ ಶ್ರುತಿ, ಆ ಸಾವಧಾನ ಹೇಳಿ ಹೊಲಿಸಿದ ಅಂಗಿಯಂತೆ ಕೂತಿತು. ಬೀದಿಯವರು ಅಕ್ಕನಿಗೆ 'ನಿಧಾನದಕ್ಕ' ಎಂದು ಹೆಸರಿಟ್ಟರು. ಅವಳು ಬೇಸರಪಟ್ಟುಕೊಳ್ಳಲಿಲ್ಲ, ಉಬ್ಬಿದಳು.

ಅಷ್ಟರಲ್ಲಿ ತಾವು ಹಾಸಿಗೆ ಹಿಡಿದಿರಿ. ಮೊದಲು ಗೂಡು ಕಟ್ಟಿದ ದುಂಬಿಯಂತೆ ಗುಂಯ್ ಎಂದಿರಿ, ಆಮೇಲೆ ತಟ್ಟೆ ತಿರುಗಿಸುವುದನ್ನೇ ನಿಲ್ಲಿಸಿದಿರಿ. ನಾನು ಕರೆತಂದವರು ನಮ್ಮ ಪೇಟೆಯ ರೇಡಿಯೋ ರಿಪೇರಿಯ ಫ್ಯೂಸ್ ಸಾಹೇಬರು. ಯಾವ ಯಂತ್ರ ಯಾವ ಕಾರಣಕ್ಕೆ ನಿಂತರೂ 'ಮೊದ್ಲು ಫ್ಯೂಸ್ ನೋಡ್ಬಿಡೋಣ ಸಾರ್' ಎನ್ನುವುದರಿಂದ ಅವರಿಗೆ ಆ ಹೆಸರು. ತಮ್ಮ ಫ್ಯೂಸ್ ಗಟ್ಟಿಮುಟ್ಟಾಗಿತ್ತು, ಆದರೂ ಬದಲಾಯಿಸಿದರು. ಗುಂಯ್‌ಗುಟ್ಟುವಿಕೆ ನಿಲ್ಲಲಿಲ್ಲವೆಂದು ಸ್ಪೀಕರ್ ಬಿಚ್ಚಿದರು, ಹಾಗೇ ಮುಚ್ಚಿದರು. ಕೊನೆಗೆ ಅರ್ಥಿಂಗ್ ತಂತಿ ಕಿತ್ತುಕೊಂಡು ಬಂದು ಅವರ ಮೊಣಕೈಗೇ ತಾಗುತ್ತಿದ್ದದ್ದು ಕಂಡು, 'ಇದೇ ಅಂತ ನಂಗೆ ಆಗ್ಲೇ ಅನ್ನಿಸಿತ್ತು' ಎಂದರು. ತಟ್ಟೆ ಎತ್ತಿ ನೋಡಿದರೆ ನಡುಗೂಟದ ಗ್ರೀಸು ಬೆಲ್ಲದ ಪಾಕ ಆರಿದಂತೆ ಗಟ್ಟಿಯಾಗಿತ್ತು; ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಎಣ್ಣೆ ಬಿಟ್ಟೆವು. ಮೋಟಾರಿಗೂ ತಟ್ಟೆಗೂ ನಡುವೆ ಉಜ್ಜುತ್ತಾ ತಿರುಗುವ ರಬ್ಬರ್ ಚಕ್ರ ಕಲ್ಲಾಗಿತ್ತು. ಅದರ ಅಂಚನ್ನು ಉಪ್ಪುಕಾಗದದಲ್ಲಿ ತಿಕ್ಕಿ ಹಿಡಿತ ಬರಿಸಿದೆವು. ತಾವು ತಿರುಗಿದಿರಿ. ಅಷ್ಟಕ್ಕೇ ಕೈತೊಳೆದುಕೊಂಡು ಎದ್ದಿದ್ದರೆ ನಾನು ಇಂದು ಈ ಪತ್ರ ಬರೆಯುತ್ತಿರಲಿಲ್ಲ.

ಆದರೆ ದೂರು ವಿಭಾಗದವನ ಬುದ್ಧಿ, ಸುಮ್ಮನಿರಬೇಕಲ್ಲ! ತಮ್ಮನ್ನು ಮಗುಚಿ ಹಾಕಿದ್ದಾಗ ಹೊಟ್ಟೆಯಡಿ ಒಂದು ಲೋಹದ ಫಲಕ ಕಂಡು, ಧೂಳು ಒರೆಸಿ, ಕನ್ನಡಕ ಏರಿಸಿ ಓದಿದೆ. ತಾವು ಹುಟ್ಟಿದ ದೇಶದ ಕರೆಂಟು ಸೆಕೆಂಡಿಗೆ ಅರವತ್ತು ಸಲ ಮಿಡಿಯುವಂಥದ್ದು, ನಮ್ಮದು ಐವತ್ತು. ಚಿಕ್ಕಪ್ಪನ ಕಬ್ಬಿಣದ ಡಬ್ಬ ಕರೆಂಟಿನ ಬಲವನ್ನು ತಗ್ಗಿಸುತ್ತಿತ್ತೇ ಹೊರತು ಅದರ ಮಿಡಿತವನ್ನು ಬದಲಿಸುತ್ತಿರಲಿಲ್ಲ. ತಟ್ಟೆಯ ಮೇಲೆ ಸೀಮೆಸುಣ್ಣದ ಗುರುತಿಟ್ಟು ಎಣಿಸಿದರೆ, ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು ಸುತ್ತಬೇಕಾದ ತಾವು ಇಪ್ಪತ್ತೆಂಟನ್ನೂ ಮುಟ್ಟಲಿಲ್ಲ. ಅಂದರೆ ತಾವು ಈ ಮನೆಗೆ ಕಾಲಿಟ್ಟ ದಿನದಿಂದಲೂ ಆರರಲ್ಲಿ ಒಂದು ಪಾಲು ಕೆಲಸಗಳ್ಳತನ ಮಾಡುತ್ತಾ ಬಂದಿದ್ದಿರಿ. ನನಗಾದ ಸಂತೋಷ ಹೇಳತೀರದು. ಮೋಟಾರಿನ ಮೂತಿಯ ಪುಟ್ಟ ಹಿತ್ತಾಳೆ ಪುಲ್ಲಿಯನ್ನು ಅದಕ್ಕೆ ತಕ್ಕಷ್ಟು ದಪ್ಪ ಮಾಡಿದರೆ ಸಾಕೆಂದು ಫ್ಯೂಸ್ ಸಾಹೇಬರು ತಲೆಯಾಡಿಸಿದರು. ಪೇಟೆಯಲ್ಲಿ ಲೋಹ ಕಡೆಯುವ ಲೇತಿನವನು ಅದರ ಮೇಲೆ ಒಂದು ಹಿತ್ತಾಳೆ ಬಳೆ ಕಡೆದು ಕೂರಿಸಿದ. ಯಾರನ್ನೂ ಕೇಳಲಿಲ್ಲ ನಾನು. ಎಲ್ಲರಿಗೂ ಒಂದು ಬೆರಗು ಕೊಡೋಣವೆಂದಿದ್ದೆ.

ಕೊಟ್ಟೆ. ಶಿಷ್ಯಮಂಡಳಿಯನ್ನೆಲ್ಲ ಕೂರಿಸಿ, ಅಕ್ಕನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ, ಸತ್ಯ ಮತ್ತು ವೇಗ ಎಂಬ ವಿಷಯವಾಗಿ ಚಿಕ್ಕದೊಂದು ಭಾಷಣವನ್ನೂ ಬಿಗಿದು, ತಮ್ಮ ಮುಳ್ಳಿಳಿಸಿದೆ. ತಮ್ಮ ಬಾಯಿಂದ ಅರವತ್ತರ ಹೆಂಗಸು ಬರಲಿಲ್ಲ. ಇನ್ನೂ ಇಪ್ಪತ್ತೂ ತುಂಬದಂಥ, ಗಾಳಿಯಂತೆ ಹಗುರಾದ ಒಬ್ಬ ಹುಡುಗಿ ಬಂದಳು. ದರ್ಜಿಯಮ್ಮ ಮೆಲ್ಲಗೆ, 'ಅಣ್ಣಾ, ರೇಡಿಯೋ ಯಾಕೆ ಹಾಕಿದ್ರಿ?' ಎಂದರು. ಅಂಚೆಯಣ್ಣ ಜೊತೆಗೂಡಲು ಹೋಗಿ, ಎರಡನೇ ಸಾಲಿಗೇ ಗಂಟಲು ಒಡೆದು ಕೆಮ್ಮತೊಡಗಿದ. ಅಕ್ಕ ಎದ್ದು, ತಮ್ಮ ಕೈಯನ್ನು ಎತ್ತಿ ಬದಿಗಿಟ್ಟು, ಮುಚ್ಚಳ ಮುಚ್ಚಿ, 'ಇವತ್ತು ಪಾಠ ಬೇಡ' ಎಂದು ಒಳಗೆ ಹೋದಳು.

ಆಮೇಲೆ ಪಾಠ ನಡೆಯಲೇ ಇಲ್ಲ. ಅಡುಗೆಮನೆಯಲ್ಲಿ ಯಾರೂ ಇಲ್ಲವೆಂದುಕೊಂಡು ಅಕ್ಕ ಆ ಹುಡುಗಿಯ ವೇಗಕ್ಕೆ, ಆ ಮೇಲಿನ ದನಿಗೆ ಏರಲು ಯತ್ನಿಸಿ ಬಿಕ್ಕಿದ್ದನ್ನು ನಾನು ಕೇಳಿಸಿಕೊಂಡೆ. ಒಳಗೆ ಹೋದಾಗ ಅವಳು ಪಾತ್ರೆ ಉಜ್ಜುತ್ತಾ, ಮುಖ ತಿರುಗಿಸದೆ, 'ಇಷ್ಟು ವರ್ಷ ನಾನು ಕಲಿತಿದ್ದೂ ತಪ್ಪು, ಕಲಿಸಿದ್ದೂ ತಪ್ಪು ಕಣೋ. ಪಾಪ, ಅವರಿಗೆಲ್ಲ ಏನಂತ ಹೇಳ್ಲಿ?' ಎಂದಳು. ಮಾನ್ಯರೇ, ನಮ್ಮಕ್ಕನಿಗೆ ಇದ್ದದ್ದು ಅದೊಂದೇ ದನಿ. ಅದನ್ನು ಅವಳಿಗೆ ಕೊಟ್ಟವರೂ ತಾವೇ, ಈಗ ಅದಕ್ಕೊಂದು ಬೇರೆ ದೇಶದ ಫಲಕ ತೋರಿಸಿ ಕಿತ್ತುಕೊಂಡವರೂ ತಾವೇ. ಸ್ಕ್ರೂಡ್ರೈವರ್ ನನ್ನ ಕೈಯಲ್ಲಿತ್ತೆಂಬ ಸಣ್ಣ ವಿಷಯವನ್ನು ಈ ಸಂದರ್ಭದಲ್ಲಿ ಎತ್ತಬಾರದೆಂದು ವಿನಂತಿ.

ಹಳೆಯದನ್ನು ಮರಳಿಸಲು ನಾನು ಪಟ್ಟ ಪಾಡು ತಮಗೆ ತಿಳಿದೇ ಇದೆ. ಹಿತ್ತಾಳೆ ಬಳೆಯನ್ನು ಕಳಚಿಕೊಡಿ ಎಂದರೆ ಲೇತಿನವನು 'ಬಿಸಿ ಮಾಡಿ ಕೂರಿಸಿದ್ದು ಸಾರ್, ಅದಿನ್ನು ಮೋಟಾರ್ ಜೊತೆಗೇ ಹೋಗೋದು' ಎಂದು ತನ್ನ ಕೆಲಸವನ್ನು ತಾನೇ ಹೊಗಳಿಕೊಂಡ. ಹೆಬ್ಬೆರಳಿನಿಂದ ತಮ್ಮ ತಟ್ಟೆಯನ್ನು ಒತ್ತಿ ಹಿಡಿದರೆ ಆ ಹುಡುಗಿ ಕುಡಿದವಳ ಹಾಗೆ ತೊದಲಿದಳು. ಅತ್ತ ಈ ಪರೀಕ್ಷೆಗಳಲ್ಲಿ ತಮ್ಮ ಒಂದು ಬದಿ ಬೇಗ ಮುಗಿಯುತ್ತಿರುವುದರಿಂದ ನಮ್ಮ ತಟ್ಟೆಗೆ ಬೀಳುವ ಆಲೂಗಡ್ಡೆ ಹಲ್ಲಿಗೆ ಕಟಕಟ ಎನ್ನುತ್ತಿದೆ. ಹೆಂಡತಿ ನನ್ನನ್ನೇ ನೋಡುತ್ತಾ ಅಗಿಯುತ್ತಾಳೆ.

ಆದ್ದರಿಂದ ತಮ್ಮ ಪಾದಗಳಲ್ಲಿ, ಅಂದರೆ ಆ ನಾಲ್ಕು ರಬ್ಬರ್ ಗುಂಡುಗಳಲ್ಲಿ, ನನ್ನ ಪ್ರಾರ್ಥನೆ: ದಯಮಾಡಿ ಮತ್ತೆ ಕೆಡಬೇಕು, ಅದೂ ಮೊದಲು ಕೆಟ್ಟಿದ್ದ ಹಾಗೆಯೇ, ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲದೆ ಕೆಡಬೇಕು. ಅದು ಘನತೆಗೆ ಕುಂದೆನಿಸಿದರೆ, ಪವರ್‌ಹೌಸಿನವರಿಗೆ ಒಂದು ಮಾತು ಹೇಳಿ ನಮ್ಮ ಬೀದಿಯ ಕರೆಂಟನ್ನಾದರೂ ಇನ್ನಷ್ಟು ಸೋಮಾರಿ ಮಾಡಿಸಬೇಕು. ಅದೂ ಆಗದಿದ್ದರೆ ಆ ಗಾಯಕಿಯನ್ನು ಎಲ್ಲಿದ್ದರೂ ಹುಡುಕಿಸಿ, ಎಲ್ಲ ಹಾಡುಗಳನ್ನೂ ನಮ್ಮಕ್ಕ ಹಾಡುವ ಹಾಗೆ ಹೊಸದಾಗಿ ಹಾಡಿಸಿಕೊಡಬೇಕು. ದೂರು ಪರಿಶೀಲನೆಯಲ್ಲಿದೆ ಎಂಬ ಉತ್ತರವನ್ನು ಮಾತ್ರ ಕೊಡಬಾರದು. ಅದರ ಅರ್ಥ ನನಗೆ ಗೊತ್ತು.

ಇಲ್ಲಿಗೆ ಸಹಿ ಹಾಕಬೇಕೆಂದಿದ್ದೆ, ಅಷ್ಟರಲ್ಲಿ ಅಂಚೆಯಣ್ಣ ಬಂದ. ಹಂಚುವ ಕಾಗದಗಳ ಚೀಲವನ್ನೂ ಇಳಿಸದೆ ಬಾಗಿಲಲ್ಲೇ ನಿಂತು, 'ಅಕ್ಕಾ, ಆ ಹುಡುಗಿ ಹಾಡು ಆ ಹುಡುಗೀಗಿರ್ಲಿ. ನನ್ ಗಂಟ್ಲಿಗೆ ನೀವು ಹೇಳ್ಕೊಟ್ಟಿದ್ದೇ ಬೇಕು. ಬೇರೆ ಯಾರಿಗೂ ಅದು ಬರಲ್ಲ' ಎಂದ. ಅಕ್ಕ ಮುಂಗೋಣೆಗೆ ಬಂದು, ತಾನೇ ತಮ್ಮ ಮುಚ್ಚಳ ತೆಗೆದು, ಅದೇ ರೆಕಾರ್ಡನ್ನು ಹಾಕಿ, ಈ ಸಲ ಕಡೇತನಕ ಕೇಳಿದಳು. ಶಿಷ್ಯರ ಪಾಠ ಒಪ್ಪಿಸಿಕೊಳ್ಳುವಾಗ ಕೂರುತ್ತಾಳಲ್ಲ, ಹಾಗೆ, ಕತ್ತು ಸ್ವಲ್ಪ ಓರೆ ಮಾಡಿ, ಮಡಿಲಲ್ಲಿ ಬೆರಳಿನಿಂದ ತಾಳ ಹಾಕುತ್ತಾ. ಮುಗಿದ ಮೇಲೆ, 'ದನಿ ಚೆನ್ನಾಗಿದೆ. ಆದ್ರೆ ಇನ್ನೂ ಚಿಕ್ಕೋಳು, ಎಲ್ಲಾದಕ್ಕೂ ಅವಸರ' ಎಂದಳು. ಹಾರ್ಮೋನಿಯಂ ಎಳೆದುಕೊಂಡು ತನ್ನ ಆ ಕೆಳಗಿನ ಶ್ರುತಿ ಹಿಡಿದು, ಅದೇ ಹಾಡನ್ನು ತನ್ನ ನಡಿಗೆಯಲ್ಲಿ ತಾನು ಹಾಡಿದಳು. ನಾನು ಬಾಗಿಲ ಹಿಂದೆ ನಿಂತು ಅತ್ತೆ, ಮಾನ್ಯರೇ; ಆ ಖರ್ಚನ್ನು ತಮ್ಮ ತಲೆಗೆ ಕಟ್ಟುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ತಮ್ಮ ವಿಶ್ವಾಸಿಯಾಗಿಯೇ ಉಳಿಯಲು ಹೆಣಗುತ್ತಿರುವ,
ನಿಧಾನದಕ್ಕನ ತಮ್ಮ

ವಿ.ಸೂ.: ನನ್ನ ಮೇಲಿನ ಪ್ರಾರ್ಥನೆಗಳನ್ನೆಲ್ಲ ಹಿಂತೆಗೆದುಕೊಂಡಿದ್ದೇನೆ, ತಾವು ಕೆಡುವ ಅಗತ್ಯವಿಲ್ಲ. ಅಕ್ಕ ತಮ್ಮನ್ನು ಕಿಟಕಿ ಪಕ್ಕದ ಮೇಜಿನಿಂದ ಇಳಿಸಿ, ಹಿಂದಿನ ಸಾಲಿನಲ್ಲಿ, ದರ್ಜಿಯಮ್ಮನ ಚಾಪೆಯ ಪಕ್ಕ ಇರಿಸಲು ಹೇಳಿದ್ದಾಳೆ. ನಾಳೆಯಿಂದ ತಾವೂ ಆ ಹುಡುಗಿಯೂ ಅವಳ ಹೊಸ ಶಿಷ್ಯರು. ಹೊಸಬರು ಮೊದಲ ಆರು ತಿಂಗಳು ಬಾಯಿ ತೆರೆಯುವಂತಿಲ್ಲ, ಕೇಳಿಸಿಕೊಳ್ಳಬೇಕು ಅಷ್ಟೆ.