ಹಲ್ಲು ಕೀಳಿಸಲು ಒಂದು ಒಳ್ಳೆಯ ಗಳಿಗೆ

ಐವತ್ತು ದಾಟುವವರೆಗೂ ತಿಥಿ ಎಂದರೆ ನನಗೆ ವಡೆ ಪಾಯಸದ ಊಟ ಎಂದಷ್ಟೇ ಗೊತ್ತಿತ್ತು. ಕ್ಯಾಲೆಂಡರ್ ನೋಡುತ್ತಿದ್ದುದು ಕೆಂಪಕ್ಷರದ ರಜೆಗಳಿಗಾಗಿ. ಅದರ ಕೆಳಗೆ ಇರುವೆ ಸಾಲಿನಂತಿರುವ ಸಣ್ಣಕ್ಷರಗಳನ್ನೂ ಮನುಷ್ಯರು ಓದುತ್ತಾರೆಂದು ತಿಳಿದದ್ದು ಅಮ್ಮನ ಹಲ್ಲಿನ ದೆಸೆಯಿಂದ.

ಸಿ.ಎಸ್. ಪುರದಿಂದ ತುಮಕೂರಿನ ನಮ್ಮ ಮನೆಗೆ ಬಂದಿದ್ದ ಅಮ್ಮ, ಮುದ್ದೆಗೆ ಹಲ್ಲು ಬೇಕಿಲ್ಲವಾದ್ದರಿಂದ ದವಡೆನೋವನ್ನು ಎರಡು ದಿನ ಮುಚ್ಚಿಟ್ಟಳು. ಕೊಬ್ಬರಿ ಚೂರು ಅಗಿಯಲು ಹೋಗಿ ಸಿಕ್ಕಿಬಿದ್ದಳು. ಹಲ್ಲಿನ ಡಾಕ್ಟರಮ್ಮ ನೋಡಿ, ಕೀಳಲೇಬೇಕೆಂದು ಮಾತ್ರೆ ಕೊಟ್ಟು ಕಳಿಸಿದರು. ಸೋಮವಾರ ಊರ ಪಕ್ಕದ ಸತ್ಯಮಂಗಲದ ಫ್ಯಾಕ್ಟರಿ ಕೆಲಸಕ್ಕೆ ರಜೆ ಹಾಕಿ ಹೊರಟರೆ, ಬೆಳಗ್ಗೆ ರಾಹುಕಾಲ, ಆಮೇಲೆ ಯಮಗಂಡಕಾಲ ಎಂದಳು. ಮಂಗಳವಾರ ವಾರವೇ ಸರಿಯಿಲ್ಲ. ಬುಧವಾರ ಹತ್ತೂವರೆಗೆ ಚಪ್ಪಲಿ ಮೆಟ್ಟಿದೆ, ಗುಳಿಕಕಾಲ ಬಂದಿತ್ತು.

"ಗುಳಿಕದಾಗೆ ಮಾಡಿದ್ದು ತಿರ್ಗಾ ತಿರ್ಗಾ ಆಯ್ತದೆ ಕಣಪ್ಪ. ಇರೋ ಹನ್ನೊಂದು ಹಲ್ಲೂ ಕಿತ್ತಿಸ್ಕಂಡು ಕೂತ್ಕಳ್ಳಾ?"

ಅವಳ ಆಯುಧದಿಂದಲೇ ಅವಳನ್ನು ಗೆಲ್ಲಬೇಕೆಂದು ಪಂಚಾಂಗ ಕೊಂಡುತಂದೆ. ಅರ್ಥವಾಗದೆ ಕೊನೆಗೆ ಎದುರಾಳಿಯ ಹತ್ತಿರವೇ ಪಾಠಕ್ಕೆ ಕೂತೆ. ಕೆನ್ನೆಯಲ್ಲಿ ಲವಂಗ ಒತ್ತಿಕೊಂಡೇ ಅಮ್ಮ ಹೇಳಿಕೊಟ್ಟಳು: ತಿಥಿ, ವಾರ, ನಕ್ಷತ್ರ, ಯೋಗ, ಕರಣ, ಒಟ್ಟು ಐದು. ವಾರ ಬದಲಾಗುವುದು ನಡುರಾತ್ರಿಗಲ್ಲ, ಸೂರ್ಯ ಹುಟ್ಟಿದಾಗ. ತಿಥಿಗಂತೂ ಹೇಳುವವರು ಕೇಳುವವರು ಇಲ್ಲ, ಕರೆಂಟಿನಂತೆ ಯಾವಾಗ ಬೇಕಾದರೂ ಹೋಗುತ್ತದೆ. ಬೆರಳ ಗೆಣ್ಣುಗಳ ಮೇಲೆ ನಕ್ಷತ್ರ ಎಣಿಸುವಾಗ ನಾನು ಎರಡು ಸಲ ರೋಹಿಣಿಯನ್ನು ಹಾರಿಸಿಬಿಟ್ಟೆ. ಅಮ್ಮ ಹಲ್ಲುನೋವು ಮರೆತು ನಕ್ಕಳು. ಹೈಸ್ಕೂಲಿನಲ್ಲಿ ಲೆಕ್ಕದಲ್ಲಿ ಫೇಲಾದಾಗ ಅವಳು ಹೀಗೆ ನಕ್ಕಿರಲಿಲ್ಲ.

ಕಡೆಗೂ ಗೆದ್ದೆ. ಗುರುವಾರ, ಪಂಚಮಿ, ಹತ್ತೂವರೆಯಿಂದ ಒಂದೂವರೆವರೆಗೆ ಯಾವ ಕಾಟವೂ ಇಲ್ಲ. ಅಮ್ಮ ಪುಟವನ್ನು ಹಿಂದೆ ಮುಂದೆ ತಿರುವಿ ನೋಡಿದಳು. ದೋಷ ಸಿಗಲಿಲ್ಲ. ಆಮೇಲೆ ನನ್ನ ಮುಖ ನೋಡದೆ ಮೆಲ್ಲಗೆ ಕೇಳಿದಳು: "ಭಾಳ ನೋವಾಯ್ತದೇನೋ?"

ಅಷ್ಟು ಹೊತ್ತು ಪಂಚಾಂಗ ಓದಿದವನಿಗೆ ಅಮ್ಮನ ಹೆದರಿಕೆ ಕಂಡಿರಲಿಲ್ಲ. ಗೆದ್ದ ಖುಷಿಯೆಲ್ಲ ಇಳಿದುಹೋಯಿತು. ಕೈ ಹಿಡಿದುಕೊಂಡು ಪಕ್ಕದಲ್ಲೇ ನಿಂತಿರುತ್ತೇನೆ ಎಂದೆ.

ಗುರುವಾರ ಹನ್ನೊಂದಕ್ಕೇ ಕ್ಲಿನಿಕ್ಕಿನಲ್ಲಿದ್ದೆವು. ನಮಗಿಂತ ಮುಂಚೆ ಆರು ದವಡೆಗಳು ಬಂದು ಕೂತಿದ್ದವು. ಗಡಿಯಾರ ಒಂದೂವರೆ ದಾಟಿತು. ರಾಹುಕಾಲ ಶುರುವಾದ ಮೇಲೆ ನಮ್ಮನ್ನು ಕರೆದರು. ನಾನು ಬೆವೆತೆ. ಅಮ್ಮ ಮಾತ್ರ ಸೆರಗು ಸರಿಮಾಡಿಕೊಂಡು ಒಳಗೆ ನಡೆದಳು. ಇಂಜೆಕ್ಷನ್ ಚುಚ್ಚುವಾಗ ನನ್ನ ಬೆರಳು ಹಿಂಡಿದ್ದು ಬಿಟ್ಟರೆ ಹಲ್ಲು ಕಿತ್ತು ಬಂದದ್ದೇ ಅವಳಿಗೆ ತಿಳಿಯಲಿಲ್ಲ.

ಡಾಕ್ಟರಮ್ಮ ಖುಷಿಯಿಂದ, ನಿಮ್ಮದೂ ಒಮ್ಮೆ ನೋಡಿಬಿಡೋಣ ಎಂದರು. ನೋಡಿದರು. ಹಿಂದಿನ ಹಲ್ಲು ಹುಳುಕಾಗಿದೆ, ಈಗಲೇ ಕೊರೆದು ತುಂಬಿಬಿಡುತ್ತೇನೆ ಎಂದರು. ಮಿಷನ್ನಿನ ಸದ್ದು ಕೇಳಿದ್ದೇ ಕುರ್ಚಿಯ ತುದಿಗೆ ಸರಿದೆ. ಮೂರು ಗಂಟೆಯವರೆಗೂ ರಾಹುಕಾಲವಿದೆ, ಹೊಸ ಕೆಲಸ ಶುರುಮಾಡಬಾರದು, ನಾಳೆ ನಕ್ಷತ್ರ ನೋಡಿಕೊಂಡು ಬರುತ್ತೇನೆ ಎಂದು ಸವಿಸ್ತಾರವಾಗಿ ವಿವರಿಸಿದೆ.

ಅಮ್ಮ ನನ್ನ ಕೈ ಹಿಡಿದುಕೊಂಡು, ಹತ್ತಿ ಕಚ್ಚಿಕೊಂಡ ಬಾಯಲ್ಲೇ ಹೇಳಿದಳು:

"ಅವೆಲ್ಲ ಮನೆ ಬಿಟ್ಟು ಹೊರಡಾಕೆ ಕಣಪ್ಪ. ಬಂದು ಕುಂತಾಯ್ತಲ್ಲ, ಬಾಯ್ ತೆಗಿ."