ಶಾಮರಾಯರ ಮೂರು ಕೆ.ಜಿ. ಮತ್ತು ನನ್ನ ಪ್ರೋಟೀನ್ ಶೇಕು

ಮೂರು ಕೆ.ಜಿ. ಬರೇ ಮೂರು ಕೆ.ಜಿ.! ಒಂದು ಸಣ್ಣ ಕುಂಬಳಕಾಯಿ ತೂಕ. ಅಷ್ಟನ್ನ ಗಂಡನ ಮೈಮ್ಯಾಲೆ ಏರಸೂದು ಏನು ಮಹಾ ಕೆಲಸ ಅಂತ ನಾ ತಿಳಕೊಂಡಿದ್ದೆ.

ಎಂಬತ್ತರ ದಶಕದ ಮೊದಲಿನ ಮಾತು. ನನ್ನ ಮದುವಿಯಾಗಿ ಮೂರು ತಿಂಗಳಾಗಿತ್ತು. ನಮ್ಮನಿಯವರು, ಅಂದ್ರ ಶಾಮರಾಯರು, ಸವಣೂರಿನ ಒಂದು ಸರಕಾರಿ ಕಚೇರಿಯೊಳಗ ಆರು ವರ್ಷದಿಂದ ಹಂಗಾಮಿ ಗುಮಾಸ್ತರು. ಅಂತೂ ಇಂತೂ ಕಾಯಂ ಆಗೋ ಯೋಗ ಬಂದಿತ್ತು. ಧಾರವಾಡಕ್ಕ ಹೋಗಿ ದೊಡ್ಡ ಡಾಕ್ಟರಿಗೆ ಮೈ ತೋರಿಸಿ 'ಫಿಟ್' ಅಂತ ಬರಿಸಿಕೊಂಡು ಬಂದ್ರ ಮುಗೀತು. ಹೋದ್ರು. ಬಂದ್ರು. ಮುಖ ಹುಳ್ಳಗಾಗಿತ್ತು.

"ನಲವತ್ತೈದು ಕೆ.ಜಿ. ಇರಬೇಕಂತ. ನಾ ನಲವತ್ತೆರಡು ಇದ್ದೇನಿ. ನಾಕು ತಿಂಗಳು ಬಿಟ್ಟು ಮತ್ತ ಬಾ ಅಂದಾರ. ಆವಾಗೂ ಆಗಲಿಲ್ಲಂದ್ರ ನನ್ನ ಹೆಸರು ಹೊಡದು ಮುಂದಿನಾಂವಗ ಕೊಡ್ತಾರಂತ."

"ನನ್ನ ಮ್ಯಾಲೆ ಬಿಡ್ರಿ!" ಅಂದೆ. ಜಗತ್ತಿನ್ಯಾಗ ಎಷ್ಟೋ ಅನಾಹುತ ಇದ ಮಾತಿನಿಂದ ಶುರು ಆಗ್ತಾವ.

ನನ್ನ ಧೈರ್ಯಕ್ಕ ಕಾರಣ ಇತ್ತು. ನನ್ನ ತೌರುಮನಿ ಹಿರೇಕೆರೂರು. ಮದುವಿಗೆ ಮೊದಲು ಶಿಗ್ಗಾಂವಿಯೊಳಗ ಹತ್ತು ದಿನದ ಪೌಷ್ಟಿಕ ಆಹಾರ ಶಿಬಿರ ಮುಗಿಸಿ, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ಗಂಡನ ಮನಿಗೆ ಅರಿಷಿಣ ಕುಂಕುಮದ ಜೋಡಿ ತಂದಾಕಿ ನಾನು. ಪ್ರೋಟೀನ್ ಅನ್ನೋ ಶಬ್ದ ನಮ್ಮ ಓಣಿಯೊಳಗ ನನಗೊಬ್ಬಾಕಿಗೇ ಗೊತ್ತಿತ್ತು. ದಿನಕ್ಕ ಎರಡು ಸಲ ಯಾವುದರ ನೆವ ತಗದು ಅದನ್ನ ಅಂದು ಬಿಡ್ತಿದ್ದೆ.

ಸೂತ್ರ ಸರಳ. ಹಬ್ಬಕ್ಕ ಶ್ರೀಖಂಡ ಮಾಡ್ತೇವಲ್ಲ, ಅದನ್ನ ಕುಡಿಯೋ ಹಂಗ ಮಾಡೂದು. ಮೊಸರು ಅರಬಿಯೊಳಗ ಕಟ್ಟಿ ನೀರು ಸೋರಿಸಿದ ಚಕ್ಕಾ, ಬಾಳಿಹಣ್ಣು, ಹಾಲು, ಬೆಲ್ಲ, ಯಾಲಕ್ಕಿ; ಮ್ಯಾಲೆ ಪುಟಾಣಿ, ಅಂದ್ರ ಹುರಗಡಲಿ ಹಿಟ್ಟು, ಶೇಂಗಾ ಪುಡಿ. ನನ್ನ ಲೆಕ್ಕದಾಗ ಪ್ರೋಟೀನ್ ಇರೂದೆಲ್ಲಾ ಈ ಕಡೀ ಎರಡರಾಗ. ಶಿಬಿರದ ಬಾಯಾರು ಇದಕ್ಕ ಶೇಕ್ ಅಂದಿದ್ರು. ಅವರ ಹತ್ರ ಮಿಕ್ಸರ್ ಇತ್ತು, ನನ್ನ ಹತ್ರ ಕಡಗೋಲು ಇತ್ತು. ಅಷ್ಟ ವ್ಯತ್ಯಾಸ.

ಮರುದಿನಾನೇ ಬಾಳಿಹಣ್ಣಿನ ಇಡೀ ಗೊನಿ ತರಿಸಿದೆ. ನಮ್ಮತ್ತಿಯವರು ಗೊನಿ ನೋಡಿ ಜಪದ ಮಾಲಿ ನಿಲ್ಲಿಸಿದ್ರು.

"ಏನವಾ, ಇಷ್ಟು ಬಾಳಿಹಣ್ಣು? ನಾಳಿಂದ ಚಾತುರ್ಮಾಸ್ಯ. ಈ ತಿಂಗಳು ಶಾಕವ್ರತ. ಕಾಯಿಪಲ್ಯಾ, ಹಣ್ಣು ಏನೂ ನಡಿಯೂದಿಲ್ಲ. ಮಾವಿನಹಣ್ಣೊಂದು ನಡೀತದ."

ನನ್ನ ತೌರುಮನಿಯೊಳಗ ಏಕಾದಶಿ ಬಿಟ್ರ ಬ್ಯಾರೆ ವ್ರತ ಇರಲಿಲ್ಲ. ಆದ್ರ ಹೊಸ ಸೊಸಿ ಹೆಚ್ಚಿಗಿ ಪ್ರಶ್ನೆ ಕೇಳಬಾರದು ಅಂತ ನಮ್ಮವ್ವ ಬುದ್ಧಿ ಹೇಳಿ ಕಳಿಸಿದ್ಲು. "ಆಗ್ಲಿರಿ" ಅಂದೆ. ಇಡೀ ಗೊನಿ, ಮನಿಗೆ ಹಾಲು ಹಾಕೋ ಗಂಗವ್ವನ ಎಮ್ಮಿ ಪಾಲಾತು.

"ನಮ್ಮ ಎಮ್ಮಿ ಪುಣ್ಯಾ ಮಾಡೇತ್ರಿ ಬಾಯಾರ!" ಅಂದ್ಲು ಗಂಗವ್ವ.

ಮಾವಿನಹಣ್ಣು ನಡೀತದ ಅಂದ್ರಲ್ಲ, ಹಾನಗಲ್ಲಿನಿಂದ ಬಸ್ಸಿನ್ಯಾಗ ಒಂದು ಬುಟ್ಟಿ ತರಿಸಿದೆ. ಮಳಿ ಹಿಡದ ಮ್ಯಾಲಿನ ಮಾವು ಅದು. ಒಳಗ ಹುಳಾ ನಮಗಿಂತ ಮೊದಲ ಊಟಕ್ಕ ಕೂತಿದ್ದವು. ಆರಿಸಿ ತಗದೆ. ಬ್ಯಾಳಿಯೊಳಗ ಹೆಸರುಬ್ಯಾಳಿ ಮಾತ್ರ ನಡೀತದ ಅಂದಿದ್ರು, ಅದನ್ನ ಬೀಸಿದೆ. ಹುರದ್ರ ಪ್ರೋಟೀನ್ ಸುಟ್ಟು ಹೋಗ್ತದ ಅನ್ನೂದು ನನ್ನ ಸ್ವಂತ ಸಂಶೋಧನೆ! ಹಸೀ ಹಿಟ್ಟನ್ನ ಹಾಲು ಮಾವಿನಹಣ್ಣಿನ ಜೋಡಿ ಕಡದು, ಒಂದು ತಂಬಿಗಿ ತುಂಬಿ ಕೊಟ್ಟೆ.

ನಮ್ಮನಿಯವರು ಮಾತು ಕಡಿಮಿ ಮನುಷ್ಯಾ. ಕಣ್ಣು ಮುಚ್ಚಿ ಕುಡದ್ರು. ಮುಂದ ಮೂರು ದಿನ ಅವರು ಮನ್ಯಾಗ ಇದ್ದದ್ದಕ್ಕಿಂತ ಹಿತ್ತಲದಾಗ ಇದ್ದದ್ದ ಹೆಚ್ಚು.

ತೂಕ ನೋಡೂದು ಬಜಾರದಾಗಿನ ಕಾಳಿನ ಅಡತಿ ಅಂಗಡಿಯ ಕಾಟಾದ ಮ್ಯಾಲೆ. ಜ್ವಾಳದ ಚೀಲ ಇಳಿಸಿ ಇವರನ್ನ ಹತ್ತಿಸಿದ್ರು. ಅಂಗಡಿ ಶೆಟ್ರು ತೂಕದ ಕಲ್ಲು ಹಾಕಿದ್ರು, ತಗದ್ರು, ಮತ್ತೂ ತಗದ್ರು.

"ನಲವತ್ತೊಂದ್ರಿ ಬಾಯಾರ. ಇದರಾಗ ಚೀಲದ ತೂಕ ಕಳೀಬೇಕೇನ್ರಿ?" ಅಂದು ಇವರ ಅಂಗಿ ಧೋತರ ನೋಡಿದ್ರು.

ಒಂದು ತಿಂಗಳು ಪ್ರೋಟೀನ್ ಕೊಟ್ಟು ಒಂದು ಕೆ.ಜಿ. ಇಳಿಸಿದ್ದೆ! ಇರಲಿ, ಎರಡನೇ ತಿಂಗಳಿಗೆ ಹಣ್ಣು ನಡೀತದಂತ ಗೊತ್ತಾತು. ಈ ಸಲ ಬಿಡಬಾರದು ಅಂತ ದೊಡ್ಡ ಪಾತೇಲಿ ಮೊಸರನ್ನ ಅರಬಿಯೊಳಗ ಕಟ್ಟಿ ಗ್ವಾಡಿ ಮೊಳಿಗೆ ತೂಗ ಹಾಕಿದೆ. ಚಕ್ಕಾ ಹೆಂಗ ಬಂದಿತ್ತಂದ್ರ, ನೋಡಿದವರು ಹೊಗಳಬೇಕು. ಅತ್ತಿಯವರು ನೋಡಿದ್ರು.

"ಛಲೋ ಬಂದದವಾ. ಆದ್ರ ಇವತ್ತಿನಿಂದ ದಧಿವ್ರತ, ಮೊಸರು ನಡಿಯೂದಿಲ್ಲ."

ಚಕ್ಕಾ ಎಮ್ಮಿಗೆ ಹೋತು. ನಾ ಬಾಳಿಹಣ್ಣು, ಹಾಲು, ಬೆಲ್ಲದೊಳಗ ಪುಟಾಣಿ ಹಿಟ್ಟು ಸುರುವಿದೆ. ಹೋದ ತಿಂಗಳ ನಷ್ಟ ತುಂಬಬೇಕಲ್ಲ, ಪಾವು ಹಾಕೋ ಕಡೆ ಸೇರು ಹಾಕಿದೆ. ನಮ್ಮನಿಯವರು ಸಂಧ್ಯಾವಂದನಿ ಮುಗಿಸಿ ಬರೋದ್ರಾಗ ಅದು ಹಿಟ್ಟು ಹೀರಿಕೊಂಡು ಗಟ್ಟಿಯಾಗಿತ್ತು. ಕಡಗೋಲು ನಟ್ಟ ನಡುವ ಕಂಬದಂಗ ನಿಂತಿತ್ತು! ಜಗ್ಗಿದೆ. ಕಡಗೋಲಿನ ಜೋಡಿ ಪಾತೇಲಿನೂ ಮ್ಯಾಲೆ ಬಂತು.

"ಇದನ್ನ ಕುಡೀಬೇಕೋ, ಕೊಯ್ಯಬೇಕೋ?" ಅಂತ ಕೇಳಿದ್ರು ನಮ್ಮನಿಯವರು.

ಚಾಕು ತಂದು ಝುಣಕದ ವಡಿ ಕೊಯ್ದಂಗ ಕೊಯ್ದು ಕೊಟ್ಟೆ. ತಿಂಗಳು ಪೂರ್ತಿ ಅದನ್ನ ತಿಂದ್ರು, ಪಾಪ. ಶೆಟ್ರ ಕಾಟಾ ನಲವತ್ತೆರಡು ಅಂತು. ಎರಡು ತಿಂಗಳು ಹೋರಾಡಿ ಹೊಂಟಲ್ಲೇ ಬಂದು ನಿಂತಿದ್ವಿ.

ಮೂರನೇ ತಿಂಗಳ ಮೊದಲ ದಿನ ಗಂಗವ್ವ ನಕ್ಕೋತ ಬಂದ್ಲು. ಬಾಳಿಹಣ್ಣು, ಚಕ್ಕಾ ತಿಂದ ಎಮ್ಮಿ ಎರಡರಷ್ಟು ಹಾಲು ಕೊಡಾಕತ್ತಿತ್ತು. "ಎಮ್ಮಿ ನಿಮ್ಮ ಋಣಾ ಇಟ್ಕೊಳಂಗಿಲ್ರಿ ಬಾಯಾರ, ತಗೋರಿ ಕೊಡಾ ತುಂಬ!" ಅಂದ್ಲು.

ಒಳಗಿಂದ ಅತ್ತಿಯವರ ದನಿ ಬಂತು. "ಗಂಗವ್ವಾ, ಇವತ್ತಿನಿಂದ ಕ್ಷೀರವ್ರತ. ಒಂದು ತಿಂಗಳು ಹಾಲು ನಡಿಯೂದಿಲ್ಲ."

ನಾನು ಅಲ್ಲೇ ಕಟ್ಟಿ ಮ್ಯಾಲೆ ಕುಸದು ಕೂತೆ. ಮೊಸರು ನಡೀತಿತ್ತು ಅನ್ನೂದೊಂದು ಸಮಾಧಾನ. ಬಾಳಿಹಣ್ಣು, ಮೊಸರು, ಬೆಲ್ಲ, ಪುಟಾಣಿ ಎಲ್ಲಾ ತೆಳ್ಳಗ ಕಡದು, ಬಾಟ್ಲಿಯೊಳಗ ತುಂಬಿ, ಬಿರಡಿ ಗಟ್ಟಿಯಾಗಿ ಬಡದು, "ಮಧ್ಯಾಹ್ನ ಕಚೇರಿಯೊಳಗ ಕುಡೀರಿ" ಅಂತ ಕೊಟ್ಟು ಕಳಿಸಿದೆ. ಹಿಂದಿನ ದಿನಾನ ಮಾಡಿ ಇಟ್ಟದ್ದು ಅದು. ಬಿಸಲು ಬ್ಯಾರೆ ಬಿದ್ದಿತ್ತು. ಬೆಲ್ಲ ಬಾಳಿಹಣ್ಣು ಕೂಡಿ ಬಾಟ್ಲಿಯೊಳಗ ಏನು ಮಸಲತ್ತು ನಡಸಿದ್ವೋ! ಮಧ್ಯಾಹ್ನ ನಮ್ಮನಿಯವರು ಬಿರಡಿಗೆ ಕೈ ಹಚ್ಚಿದ್ದಷ್ಟ ತಡ, ಢಬ್ ಅಂತ ಹಾರಿ, ಅರ್ಧ ಶೇಕು ಸಾಹೇಬ್ರ ಬಿಳೀ ಅಂಗಿ ಮ್ಯಾಲೆ ಹೋಗಿ ಬಿತ್ತು. ಇಡೀ ಕಚೇರಿ ಸೆರೆ ಅಂಗಡಿಯಂಗ ನಾತ.

"ಶಾಮರಾವ್!" ಅಂದ್ರಂತ ಸಾಹೇಬ್ರು. "ಆಚಾರವಂತರ ಮನಿತನ ನಿಮ್ಮದು. ಅದೂ ಹಗಲೊತ್ತಿನ್ಯಾಗ!"

"ಸಾಹೇಬ್ರ, ಇದು ಪ್ರೋಟೀನ್‌ರಿ."

"ಎಲ್ಲಾರೂ ಹಂಗ ಏನರೆ ಒಂದು ಹೆಸರು ಹೇಳ್ತಾರ."

ಕಾಯಂ ನೌಕರಿ ಹಂಗಿರಲಿ, ಹಂಗಾಮಿ ನೌಕರಿಗೇ ಕುತ್ತು ಬಂತು! ನಾ ಗ್ವಾಡಿ ಮ್ಯಾಲಿನ ಸರ್ಟಿಫಿಕೇಟನ್ನ ಕಟ್ಟು ಸಮೇತ ಕಿತಗೊಂಡು ಕಚೇರಿಗೆ ಓಡಿದೆ. ಸಾಹೇಬ್ರ ಮುಂದ ನಿಂತು ಪೌಷ್ಟಿಕ ಆಹಾರದ ಮ್ಯಾಲೆ ಭಾಷಣ ಮಾಡಿದೆ. ಅವರು ಅಂಗಿ ಒರಿಸ್ಕೋತ ಕೇಳಿ, "ತಾಯೀ, ತಿಳೀತು. ಇವರನ್ನ ಕ್ಷಮಿಸಿದೆ. ನೀವಿನ್ನ ಮನಿಗೆ ಹೋಗ್ರಿ" ಅಂತ ಕೈ ಮುಗದ್ರು.

ನಾಕನೇ ತಿಂಗಳು. ಹಾಲು ಬಂತು, ಮೊಸರು ಬಂತು, ಬಾಳಿಹಣ್ಣು ಇತ್ತು. ಇನ್ನೇನು ಪುಟಾಣಿ ಡಬ್ಬಿಗೆ ಕೈ ಹಾಕಬೇಕು, ಅತ್ತಿಯವರು ಅಂದ್ರು, "ಈ ತಿಂಗಳು ದ್ವಿದಳವ್ರತ. ಎರಡು ಹೋಳಾಗೂದು ಏನೂ ನಡಿಯೂದಿಲ್ಲ. ಪುಟಾಣಿ, ಶೇಂಗಾ, ಬ್ಯಾಳಿ, ಎಲ್ಲಾ ಬಂದ್."

ಪ್ರೋಟೀನೇ ಹೋತು! ಶೇಕಿನ ಜೀವಾನೇ ಹೋತು! ಬಾಳಿಹಣ್ಣು ಹಾಲು ಕಡದು ಕೊಟ್ಟೆ. ಧಾರವಾಡಕ್ಕ ಹೋಗೋ ದಿನ ಬೆಳಿಗ್ಗೆ ಶೆಟ್ರ ಮನಿಗೆ ಹಾಲು ಹಾಕ್ಲಿಕ್ಕೆ ಹೋಗೋ ಗಂಗವ್ವನ ಕೈಯಾಗ ಇವರನ್ನ ಒಪ್ಪಿಸಿ ಶೆಟ್ರ ಕಾಟಾಕ್ಕ ಕಳಿಸಿದೆ. ಬಂದು "ನಲವತ್ಮೂರು" ಅಂದ್ರು.

ನಾ ಅಡಗಿಮನಿಯೊಳಗ ಕೂತು ಅತ್ತೇ ಬಿಟ್ಟೆ. ಆರು ವರ್ಷ ಕಾದ ಮನುಷ್ಯಾ. ಕಾಯಂ ಆದ್ರ ತಮ್ಮ ಅವ್ವನ್ನ ಒಮ್ಮೆ ತಿರುಪತಿಗೆ ಕರಕೊಂಡು ಹೋಗ್ತೇನಿ ಅಂತಿದ್ರು. ಎಲ್ಲಾ ನನ್ನಿಂದ ಹಾಳಾತು ಅನಿಸ್ತು. ಅತ್ತಿಯವರು ಗಾಬರಿಯಾಗಿ ಬಂದ್ರು.

"ಯಾಕವಾ, ಏನಾತು?"

"ಅತ್ತಿಯವರ, ಈ ವ್ರತ ಒಂದು ಇರಲಿಲ್ಲಂದ್ರ ಇವರನ್ನ ನಾ ಐವತ್ತು ಕೆ.ಜಿ. ಮಾಡ್ತಿದ್ನಿರಿ!"

ಅತ್ತಿಯವರು ನನ್ನ ಮುಖಾನ ನೋಡಿದ್ರು. "ವ್ರತಕ್ಕೂ ಅವನಿಗೂ ಏನು ಸಂಬಂಧ? ವ್ರತ ನಂದು! ಅಂವ ಹುಟ್ಟಿದಾಗಿಂದ ಒಂದು ಏಕಾದಶಿ ನೆಟ್ಟಗ ಮಾಡಿಲ್ಲ."

ನನ್ನ ಅಳು ನಿಂತೇ ಹೋತು. "ಮತ್ತ... ನಡಿಯೂದಿಲ್ಲ ಅಂತಿದ್ರಲ್ರಿ?"

"ನನಗ ನಡಿಯೂದಿಲ್ಲ ಅಂದೆ. ನೀ ಅವನಿಗೂ ವ್ರತ ಹಿಡಿಸೀದಿ, ಎಂಥಾ ಭಕ್ತಿವಂತ ಸೊಸಿ ಸಿಕ್ಕಾಳ ಅಂತ ನಾ ಓಣಿ ತುಂಬ ಹೇಳಿಕೊಂಡು ಬಂದೇನಿ!"

ನಾ ನಮ್ಮನಿಯವರ ಕಡೆ ತಿರುಗಿದೆ. "ನೀವರೆ ಒಂದು ಮಾತು ಹೇಳಬಾರದಾಗಿತ್ತೇನ್ರಿ?"

"ನೀನ ಹರಕಿ ಹೊತ್ತೀದಿ ಅಂತ ತಿಳಕೊಂಡೆ. ಹೊಸಾ ಹೆಂಡತಿ ಮಾತು ಹೆಂಗ ತಗದು ಹಾಕ್ಲಿ?"

ನಾಕು ತಿಂಗಳು ಒಂದ ಮನ್ಯಾಗ ಮೂರೂ ಮಂದಿ ಒಬ್ಬರಿಗೊಬ್ಬರು ಮರ್ಯಾದಿ ಕೊಟ್ಟು, ಒಬ್ಬರನ್ನ ಉಪವಾಸ ಕೆಡವಿದ್ವಿ! ಮನಿ ಬಿಡ್ಲಿಕ್ಕೆ ಇನ್ನೂ ಎರಡು ತಾಸು ಇತ್ತು. ಎದ್ದೆ. ಸೆರಗು ಕಟ್ಟಿದೆ. ಹಾಲು, ಮೊಸರು, ಬಾಳಿಹಣ್ಣು, ಪುಟಾಣಿ, ಶೇಂಗಾ, ಬೆಲ್ಲ, ನಾಕು ತಿಂಗಳಾಗ ಬಿಟ್ಟದ್ದನ್ನೆಲ್ಲಾ ಒಂದ ಪಾತೇಲಿಗೆ ಹಾಕಿ ಕಡದೆ. ಮೂರು ತಂಬಿಗಿ ಆತು. ಮೂರೂ ಕುಡಿಸಿದೆ. ಎರಡನೇ ತಂಬಿಗಿಗೆ ಇವರ ಕಣ್ಣು ಮ್ಯಾಲೆ ಹೋದ್ವು, ಮೂರನೇದಕ್ಕ ಕೆಳಗ ಬರಲಿಲ್ಲ.

ಈ ಸಲ ನಾನೂ ಜೋಡಿ ಹೊಂಟೆ. ಯಲವಿಗಿ ಸ್ಟೇಶನ್ನಿನ ತನಕ ಟಾಂಗಾ. ಆ ರಸ್ತೆದಾಗ ಶೇಕು ನಿಜವಾಗಿ ಶೇಕ್ ಆತು. ರೈಲುಗಾಡಿಯೊಳಗ ಕೂತ ಸ್ವಲ್ಪ ಹೊತ್ತಿಗೆ ನಮ್ಮನಿಯವರು ಎದ್ದು ನಿಂತ್ರು.

"ಎಲ್ಲಿಗ್ರಿ?"

"ಇಲ್ಲೇ... ಸಣ್ಣ ಕೆಲಸಕ್ಕ..."

"ಕೂಡ್ರಿ ಸುಮ್ನ! ಅದು ಅರ್ಧ ಕೆ.ಜಿ. ಅದ!"

ಕೂತ್ರು. ಹುಬ್ಬಳ್ಳಿ ಬಂತು, ಕೂತಿದ್ರು. ಧಾರವಾಡ ಬಂತು, ಕಾಲು ಹೆಣಕೊಂಡು ಇಳದ್ರು. ಡಾಕ್ಟರ ಕೋಲಿಯೊಳಗ ಉಸಿರು ಬಿಗಿಹಿಡದು ಕಾಟಾ ಹತ್ತಿದ್ರು. ಮುಳ್ಳು ನಡುಗಿತು, ಏರಿತು, ನಿಂತಿತು. ನಲವತ್ತೈದು! ಡಾಕ್ಟರು ಬರಕೊಂಡ್ರು. ನನಗ ಕುಣೀಬೇಕನಿಸ್ತು.

"ಮಲಕೋರಿ, ಹೊಟ್ಟಿ ನೋಡೋಣ" ಅಂದು ಡಾಕ್ಟರು ಎರಡು ಬೆರಳಿಲೆ ಹೊಟ್ಟಿ ಒತ್ತಿದ್ರು. ನಮ್ಮನಿಯವರು ಮಂಚದಿಂದ ಹಾರಿ, ಬಾಗಲಾ ತಗದು, ಓಡೇ ಹೋದ್ರು! ಬಾಳ ಹೊತ್ತಿನ ಮ್ಯಾಲೆ, ಗೆದ್ದು ಬಂದವರಂಗ ತಿರುಗಿ ಬಂದ್ರು. ಡಾಕ್ಟರು ಕಾಟಾದ ಕಡೆ ಬಟ್ಟು ತೋರಿಸಿದ್ರು. ಮುಳ್ಳು ನಲವತ್ನಾಕಕ್ಕ ನಿಂತು ಬಿಡ್ತು.

"ಏನಿದು?" ಅಂತ ನನ್ನ ಕಡೆ ನೋಡಿದ್ರು.

ಸುಳ್ಳು ಹೇಳ್ಲಿಕ್ಕೆ ಬಾಯಿ ಬರಲಿಲ್ಲ. ಹಸೀ ಹೆಸರುಬ್ಯಾಳಿಯಿಂದ ಹಿಡದು ಇವತ್ತಿನ ಮೂರು ತಂಬಿಗಿ ತನಕ ಎಲ್ಲಾ ಹೇಳಿದೆ. ಡಾಕ್ಟರು ಮೊದಲು ಗಂಭೀರ ಇದ್ರು. ಕಡಗೋಲು ನಿಂತದ್ದಕ್ಕ ಮೀಸಿ ನಡುಗಿತು. ಸಾಹೇಬ್ರ ಅಂಗಿಗೆ ಬರೋದ್ರಾಗ ಕನ್ನಡಕ ತಗದು ಕಣ್ಣು ಒರಿಸ್ಕೊಂಡ್ರು. ಆಮ್ಯಾಲೆ ಪೆನ್ನು ತಗೊಂಡ್ರು.

"ನೋಡ ತಂಗಿ, ಒಂದು ಕೆ.ಜಿ. ಹೆಚ್ಚು ಕಡಿಮಿಗೆ ಯಾರೂ ಸಾಯೂದಿಲ್ಲ. ನಿನ್ನ ಕೈಯಾಗ ನಾಕು ತಿಂಗಳು ಕುಡದು ಈ ಮನುಷ್ಯಾ ಜೀವಂತ ಬಂದು ನನ್ನ ಮುಂದ ನಿಂತಾನ. ಇವಗ ಸರಕಾರಿ ನೌಕರಿ ಏನು ಮಾಡೀತು? ಫಿಟ್!"

"ಹೌದ್ರಿ!" ಅಂದ್ರು ನಮ್ಮನಿಯವರು. ಮದುವಿಯಾದಾಗಿಂದ ಅವರು ಅಷ್ಟು ಗಟ್ಟಿ ದನಿಲೆ ಮಾತಾಡಿದ್ದನ್ನ ನಾ ಕೇಳಿದ್ದು ಅದ ಮೊದಲು.